ಭಜಿ ತಪ್ಪಿದ ಪಂಗತಿ

ಹೆಣ್ಣು ನೋಡಲು ಬಂದವರು ಹಾಡು ಹೇಳು ಎನ್ನುತ್ತಾರೆ, ನಡೆದು ತೋರಿಸು ಎನ್ನುತ್ತಾರೆ. ನನಗೆ ಬೀಜಗಣಿತ ಕೇಳಿದರು! ಇಂಥ ಭಾಗ್ಯ ಇಡೀ ಶಹಾಬಾದಿನಲ್ಲಿ ಇನ್ನೊಬ್ಬಳಿಗೆ ಸಿಕ್ಕಿದ್ದರೆ ನನ್ನ ಹೆಸರು ಗುರುದೇವಿಯೇ ಅಲ್ಲ.

ರಜಾಕಾರರ ಗಲಾಟೆಯ ವರ್ಷಗಳಲ್ಲಿ ಶಾಲೆ ಬಿಟ್ಟು, ಆಮೇಲೆ ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಹೊರಳಿ, ಹತ್ತೊಂಬತ್ತನೆಯ ವಯಸ್ಸಿಗೆ ಮ್ಯಾಟ್ರಿಕ್ ತನಕ ಬಂದಿದ್ದೆ. ಇನ್ನು ಒಂದೇ ವರ್ಷ. ಅಷ್ಟರಲ್ಲಿ ಈ ಸಂಬಂಧ ಬಂತು. ಹುಡುಗ ದೇವಿಂದ್ರಪ್ಪ, ವಾಡಿ ಸ್ಟೇಶನ್ನಿನಲ್ಲಿ ಗುಮಾಸ್ತ. ಬಾಗಿಲ ಸಂದಿಯಿಂದ ನೋಡಿದೆ. ಅಯ್ಯೋ, ನೋಡಿದ ಕೂಡಲೇ ಒಪ್ಪಿಯೂ ಬಿಟ್ಟೆ! ಆದರೆ ಶಾಲೆ ಬಿಡಲು ಮಾತ್ರ ನನ್ನ ಜೀವ ಒಪ್ಪಲಿಲ್ಲ; ಓದುತ್ತೇನೆ ಎಂದು ಎಲ್ಲರೆದುರೇ ಹೇಳಿಬಿಟ್ಟೆ.

ಮಾತೆಲ್ಲ ಹುಡುಗನ ಕಾಕಾ ಸೂಗಪ್ಪನವರದು. ಲೆಕ್ಕದಲ್ಲಿ ತಾನೇ ಹುಲಿ ಎಂದು ತಮ್ಮೂರು ಸುಲೇಪೇಟದಿಂದ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದರು.

"ಓದ್ತೀನಿ ಅಂತೀಯಲ್ಲವ್ವಾ, ಒಂದ್ ಹಿಸಾಬ್ ಕೊಡ್ತೀನಿ. ಬಂತಂದ್ರ ಮ್ಯಾಟ್ರಿಕ್ ಮುಗಿಸು, ಆಮ್ಯಾಲ ಮದಿವಿ. ತಪ್ಪಿತಂದ್ರ ನಾಳಿಂದ ಶಾಲಿ ಬಂದ್. ಆತೇನು?"

ಅಪ್ಪ ನನ್ನ ಮುಖ ನೋಡಿದರು. ಹೂಂ ಎಂದು ತಲೆಯಾಡಿಸಿದೆ. ಕಾಕಾ ಸೀಮೆಸುಣ್ಣ ಹಿಡಿದು ನಮ್ಮ ಫರಸಿ ಕಲ್ಲಿನ ನೆಲದ ಮೇಲೆಯೇ ಬರೆದರು:

ಕ್ಷ/೨ − (ಕ್ಷ − ೨)/೩ = ೨

ಎರಡೂ ಕಡೆ ಆರರಿಂದ ಗುಣಿಸಿದೆ, ಭಿನ್ನರಾಶಿ ಹೋಯಿತು: ೩ಕ್ಷ − ೨(ಕ್ಷ − ೨) = ೧೨. ಕಂಸ ಬಿಚ್ಚಿದೆ. ಮುಂದೆ ಮೈನಸ್ ನಿಂತಿದ್ದರಿಂದ ಒಳಗಿನ ಮೈನಸ್ ಪ್ಲಸ್ ಆಯಿತು: ೩ಕ್ಷ − ೨ಕ್ಷ + ೪ = ೧೨.

"ಕ್ಷ ಅಂದ್ರ ಎಂಟುರಿ ಕಾಕಾ."

"ತಪ್ಪು! ಹದಿನಾಲ್ಕು!" ಎಂದು ಅವರು ಪಕ್ಕದಲ್ಲಿ ಬರೆದರು: ೩ಕ್ಷ − ೨ಕ್ಷ − ೨ = ೧೨. ಕಂಸದೊಳಗಿನ ಕ್ಷವನ್ನು ಮಾತ್ರ ಎರಡರಿಂದ ಗುಣಿಸಿ, ಅದರ ಪಕ್ಕದ ೨ನ್ನು ಹಾಗೇ ಬಿಟ್ಟಿದ್ದರು. ತಿಳಿಸಿ ಹೇಳಿದೆ. ಕೇಳಬೇಕಲ್ಲ!

"ಹಿರೇರಿಗಿ ಕಲಸ್ತೀಯೇನು? ಶಾಲಿ ಬಂದ್!"

ನನ್ನ ಮೈಯೆಲ್ಲ ಉರಿಯಿತು. ಅವ್ವ ಬಂದು ಭಜಿಯ ಪರಾತ ಕೈಗಿಟ್ಟು, "ಬಾಯಿ ಮುಚಗೊಂಡು ಬಡ್ಸು" ಎಂದು ತಿವಿದಳು. ಕಾಕಾ, ಹುಡುಗ, ಅಪ್ಪ ಸಾಲಾಗಿ ಕೂತಿದ್ದರು. ಕಾಕಾನ ತಟ್ಟೆಗೆ ಎರಡು ಭಜಿ ಹಾಕಿದೆ. ಹುಡುಗನನ್ನು ದಾಟಿ ಸೀದಾ ಅಪ್ಪನ ಮುಂದೆ ಹೋಗಿ ನಿಂತೆ.

ಕಾಕಾ ಹೌಹಾರಿದರು. "ಏ ತಂಗೀ! ಒಂದೇ ಪಂಗತ್ಯಾಗ ಕುಂತಾನ, ಅವನಿಗಿ ಬಿಟ್ಟು ಹೋಗ್ತೀಯಾ? ಒಬ್ಬರಿಗಿ ಎರಡು ಬಿತ್ತಂದ್ರ ಎಲ್ಲಾರಿಗೂ ಎರಡು ಬೀಳಬೇಕು!"

"ಕಂಸನೂ ಅದೇ ಹೇಳ್ತದರಿ ಕಾಕಾ. ನೀವು ಕ್ಷಗ ಎರಡು ಬಡಿಸಿದ್ರಿ, ಪಕ್ಕದಾಗ ಕುಂತಂವಗ ಉಪಾಸ ಎಬ್ಸಿದ್ರಿ!"

ಹುಡುಗ ಗೊಳ್ಳೆಂದು ನಕ್ಕ. ಸೀಮೆಸುಣ್ಣ ಎತ್ತಿಕೊಂಡು, "ಕಾಕಾ, ಹದಿನಾಲ್ಕು ಇಟ್ಟು ನೋಡ್ರಿ. ಏಳರಾಗ ನಾಕು ಹೋದ್ರ ಮೂರು ಉಳೀತದ, ಎರಡು ಬರಬೇಕಿತ್ತು. ಎಂಟು ಇಟ್ರ ನಾಕರಾಗ ಎರಡು ಹೋಗಿ ಎರಡು. ಅಕೀದೇ ಖರೇ ಅದ" ಎಂದ.

ಕಾಕಾ ನೆಲ ನೋಡಿದರು. ಭಜಿ ನೋಡಿದರು. ಒಂದನ್ನು ಕಚ್ಚಿದರು. "ಭಜಿ ಭಾಳ ಛಲೋ ಅದಾವ," ಎಂದರು. ಆಮೇಲೆ ಮೆಲ್ಲಗೆ, "ಮುಗಸವ್ವಾ ನಿನ್ನ ಮ್ಯಾಟ್ರಿಕ್."

ಪರಾತ ತಲೆಯ ಮೇಲಿಟ್ಟುಕೊಂಡು ಕುಣಿಯೋಣ ಅನ್ನಿಸಿತು!

ಹುಡುಗ ಖಾಲಿ ತಟ್ಟೆ ಮುಂದೆ ಚಾಚಿದ. "ನಂದು ಇನ್ನಾ ಬಂದಿಲ್ಲರಿ."

"ಒಂದ್ ವರ್ಷ ತಡೀರಿ," ಅಂದುಬಿಟ್ಟೆ.

"ತಡೀತೀನಿ," ಎಂದು ಆ ಖಾಲಿ ತಟ್ಟೆಯನ್ನೇ ತೊಡೆಯ ಮೇಲಿಟ್ಟುಕೊಂಡು ಕೂತ.

ಅವ್ವ ಒಳಗಿನಿಂದ ಕಣ್ಣು ಕೆಕ್ಕರಿಸಿದಳು. ಬಗ್ಗಿ ಬಡಿಸಿದೆ. ಎರಡಲ್ಲ, ಮೂರು. ಪಂಗತಿ ಕೆಟ್ಟರೆ ಕೆಡಲಿ!