ಒಂದು ದಿನದ ಮಟ್ಟಿಗೆ

"ನಾಡಿದ್ದು ಧಾರೆ. ಮಾರನೇ ದಿನ ಮೊದಲ ಬಸ್ಸಿಗೇ ಸರ ತಂದು ಕೊಡ್ತೀನ್ರೀ. ಹಿಂದೆ ಕೊಟ್ಟಿರಲಿಲ್ವಾ?" ಹೂವಮ್ಮ ಮತ್ತೆ ಕೇಳಿದಳು. ಬಳೆ ಕೊಳ್ಳಲೆಂದು ಜೊತೆಗೆ ಬಂದಿದ್ದ ಮಗಳು ಶೇಷಮ್ಮ ಗೋಡೆಗೊರಗಿ ಕೂತಿದ್ದಳು.

ಶಿಕಾರಿಪುರದ ಪೇಟೆಯಲ್ಲಿ ಒಡವೆ ಅಡವಿಟ್ಟುಕೊಂಡು ಸಾಲ ಕೊಡುವ ತೋಟಪ್ಪ, ಗೋಡೆಗೆ ತೂಗುಹಾಕಿದ್ದ ಹೊಸ ಲೈಸೆನ್ಸಿನ ಕಡೆ ಕೈ ತೋರಿಸಿದ. "ಆಗ ಇದು ಇರಲಿಲ್ಲಮ್ಮ. ಈಗ ಸಾಲ ತೀರೋವರೆಗೂ ಒಡವೆ ಅಂಗಡಿ ಬಿಟ್ಟು ಹೋಗೋ ಹಂಗಿಲ್ಲ ಅಂದಾರೆ ಇನ್‌ಸ್ಪೆಕ್ಟರು. ಯಾವಾಗ ಬಂದು ಪೆಟ್ಟಿಗೆ ತೆಗಿ ಅಂತಾರೋ!"

ನಯಾಪೈಸೆ ಬಂದ ಹೊಸತರಲ್ಲಿ, ಸೊರಬದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾದಂಗಡಿ ಹಾಕುವಾಗ, ಹೂವಮ್ಮ ತನ್ನ ಚಿನ್ನದ ಅವಲಕ್ಕಿ ಸರವನ್ನು ಇಲ್ಲಿ ಅಡವಿಟ್ಟಿದ್ದಳು. ಅಡವಿನ ಒಡವೆಯನ್ನು ಹಬ್ಬಕ್ಕೋ ಮದುವೆಗೋ ಒಂದು ದಿನದ ಮಟ್ಟಿಗೆ ಒಯ್ದು, ಹಾಕಿಕೊಂಡು, ಹಿಂದಿರುಗಿಸುವುದು ಮೊದಲಿನಿಂದ ಬಂದ ವಾಡಿಕೆ. ಹೆಣ್ಣು ನೋಡಲು ಬೀಗರು ಬಂದ ದಿನ ಶೇಷಮ್ಮನ ಕೊರಳಲ್ಲಿದ್ದದ್ದು ಹಾಗೆ ಒಯ್ದ ಇದೇ ಸರ. ಗಂಡಿನ ತಾಯಿ ಅದನ್ನು ಅಂಗೈಯಲ್ಲಿ ಎತ್ತಿ, ತೂಕ ನೋಡಿ, ಮೆಚ್ಚಿದ್ದಳು. ನಾಡಿದ್ದು ಅವಳ ಕಣ್ಣು ಮೊದಲು ಬೀಳುವುದೇ ಸೊಸೆಯ ಕೊರಳ ಮೇಲೆ.

ಹೂವಮ್ಮನಿಗೆ ಮೈಯೆಲ್ಲ ಉರಿಯಿತು. ಯಾರನ್ನೆಂದು ಬೈಯುವುದು? ಹಿಂದೆ ಇನ್ನೊಬ್ಬ ಸಾಹುಕಾರ ಅವಳ ಅವ್ವನ ಬುಗುಡಿ ಇಟ್ಟುಕೊಂಡು, ಇಟ್ಟೇ ಇಲ್ಲವೆಂದು ನುಂಗಿ ನೀರು ಕುಡಿದಿದ್ದ. ಇಂಥವರಿಗೆ ಸರ್ಕಾರ ಮೂಗುದಾರ ಹಾಕಬೇಕೆಂದು ಚಹಾ ಕುಡಿಯಲು ಬಂದವರ ಮುಂದೆಲ್ಲ ಹೇಳಿದವಳು ಅವಳೇ. ಸರ್ಕಾರ ಹಾಕಿತು. ಹಾಳಾದ ಮೂಗುದಾರ ಒಳ್ಳೆಯವನ ಮೂಗಿಗೂ ಬಿತ್ತು.

"ಬಡವರನ್ನ ಕಾಯೋ ಕಾನೂನಂತೆ! ನನ್ನ ಮಗಳ ಮಾನ ಯಾರು ಕಾಯ್ತಾರ್ರೀ?"

"ನನಗೇನು ಮನಸ್ಸಿಲ್ವೇನಮ್ಮ?" ತೋಟಪ್ಪ ಬೇಸರದಿಂದಲೇ ಪೆಟ್ಟಿಗೆ ತೆರೆದು, ಚೀಟಿ ಕಟ್ಟಿದ್ದ ಸರವನ್ನು ಜಮಖಾನದ ಮೇಲಿಟ್ಟ. "ಬೇಕಾದ್ರೆ ಇಲ್ಲೇ ಒಂದ್ಸಲ ಹಾಕಿ ನೋಡ್ರಿ."

ಹೂವಮ್ಮ ಸರವನ್ನು ಕೈಗೆತ್ತಿಕೊಂಡಳು. ಆಮೇಲೆ, "ಬಾರೇ ಶೇಷಿ" ಎಂದಳು.

ಸರವನ್ನು ಮಗಳ ಕೊರಳಿಗೆ ಹಾಕಿದಳು. ಚೀಟಿ ಬೆನ್ನ ಹಿಂದೆ ಜೋತಾಡಿತು. ಸೆರಗು ಸರಿಪಡಿಸಿ, ಗಲ್ಲ ಹಿಡಿದು ಮುಖ ಎತ್ತಿ ನೋಡಿ, ನೆಟಿಗೆ ಮುರಿದು ದೃಷ್ಟಿ ತೆಗೆದಳು. ತೋಟಪ್ಪ ಬೀದಿಯ ಕಡೆ ಮುಖ ತಿರುಗಿಸಿದ್ದ.

"ಸಾಕು, ತೆಗಿಯವ್ವ. ಬಸ್ಸು ಹೋಗುತ್ತೆ" ಎಂದಳು ಶೇಷಮ್ಮ.

ಹೂವಮ್ಮ ತೆಗೆದುಕೊಟ್ಟಳು. ತೋಟಪ್ಪ ಪೆಟ್ಟಿಗೆಗೆ ಬೀಗ ಹಾಕಿ ಎಳೆದು ನೋಡುವವರೆಗೂ ಶೇಷಮ್ಮನ ಕೈ ತನ್ನ ಬರಿಗೊರಳ ಮೇಲೆಯೇ ಇತ್ತು.