ಪರೀಕ್ಷೆಗೆಂದು ಬರೆದ ಹೆಸರು

ಆ ಆಫೀಸಿನಲ್ಲಿ ಒಂದು ಕಾಲಕ್ಕೆ ಒಂಬತ್ತು ಜನ ಗುಮಾಸ್ತರು ಕೂತು ಯುರೋಪಿಗೆ ಹೋಗುವ ಸರಕಿನ ಕಾಗದಪತ್ರ ಬರೆಯುತ್ತಿದ್ದರು. ಪೆಟ್ಟಿಗೆಯಲ್ಲಿ ಏನಿದೆ, ತೂಕ ಎಷ್ಟು, ಕಳಿಸಿದವರು ಯಾರು, ಪಡೆಯುವವರು ಯಾರು ಎಂಬುದನ್ನೆಲ್ಲ ಹಡಗು ಆ ದಡ ಮುಟ್ಟುವ ಮೊದಲೇ ಅಲ್ಲಿನ ಸುಂಕದವರಿಗೆ ತಿಳಿಸಬೇಕು. ಒಂದು ಖಾನೆ ಖಾಲಿ ಬಿದ್ದರೂ ಇಡೀ ಕಡತ ವಾಪಸ್ಸು. ಈಗ ಎಂಟು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ತಳ್ಳಿದ್ದರು. ಒಂಬತ್ತನೆಯದರಲ್ಲಿ ಅವಳು ಕೂರುತ್ತಿದ್ದಳು.

ಅವಳನ್ನು ಎಲ್ಲರೂ ಟೀಚರಮ್ಮ ಅನ್ನುತ್ತಿದ್ದರು. ಅವಳು ಪಾಠ ಹೇಳಿಕೊಟ್ಟದ್ದು ಮಕ್ಕಳಿಗಲ್ಲ, ಕಂಪ್ಯೂಟರಿಗೆ. ಹಳೆಯ ಕಡತಗಳನ್ನು ಆರು ತಿಂಗಳು ಅದಕ್ಕೆ ಓದಿಸಿ, ತಪ್ಪಿದಲ್ಲಿ ತಿದ್ದಿ, ಒಂಬತ್ತು ಜನರ ಕೆಲಸವನ್ನು ಒಂದೇ ಪರದೆಯೊಳಗೆ ಕೂರಿಸಿದ್ದಳು. ಅದು ಇನ್‌ವಾಯ್ಸ್ ಓದುತ್ತಿತ್ತು, ಖಾನೆ ತುಂಬುತ್ತಿತ್ತು, ಕಳಿಸುತ್ತಿತ್ತು. ಅವಳು ಮೇಲೆ ಕಣ್ಣಾಡಿಸಿದರೆ ಸಾಕಿತ್ತು.

"ನಿಮ್ಮ ಶಿಷ್ಯ ಊಟಕ್ಕೂ ಏಳಲ್ಲ, ಬೀಡಿಗೂ ಏಳಲ್ಲ," ಅನ್ನುತ್ತಿದ್ದರು ಕೆಳಗಿನ ಗೋಡೌನ್ ನೋಡಿಕೊಳ್ಳುವ ಮಾಮ. "ಇಂಥವನಿಗೆ ಹೆಣ್ಣು ಯಾರು ಕೊಡ್ತಾರೆ, ಟೀಚರಮ್ಮ?"

ಕಲಿಸುವ ಕಾಲಕ್ಕೆ ಒಂದು ನಿಯಮವಿತ್ತು. ಪರೀಕ್ಷೆಗೆಂದು ಕಳಿಸುವ ಸುಳ್ಳು ಸರಕಿಗೂ ಪಡೆಯುವವನೊಬ್ಬ ಬೇಕು, ಆದರೆ ಬದುಕಿರುವ ಯಾರ ಹೆಸರನ್ನೂ ಬಳಸಬಾರದು. ಬದುಕಿರದವರ ಪೈಕಿ ಅವಳಿಗೆ ಚೆನ್ನಾಗಿ ಗೊತ್ತಿದ್ದ ಹೆಸರು ಒಂದೇ. ಅದನ್ನೇ ಬರೆದಳು. ಜನ್ಮದಿನಾಂಕ ಕೇಳಿತು, ಅವನದನ್ನೇ ಕೊಟ್ಟಳು. ವಿಳಾಸ ಮಾತ್ರ ಕಟ್ಟಿದ್ದು: ಆ ಕಡೆಯ ಯಾವುದೋ ಬಂದರಿನ ಹಿಂದಿನ ಬೀದಿ, ಹದಿನಾಲ್ಕನೇ ನಂಬರು. ಅವನ ಹೆಸರಿಗೆ ಕಾಗದದ ಮೇಲೆ ನಾನೂರು ಸುಳ್ಳು ಪೆಟ್ಟಿಗೆಗಳು ಹೋದವು. ಒಂದರ ಮೇಲೂ ತಕರಾರು ಬರಲಿಲ್ಲ. ಎಲ್ಲ ಗಿರಾಕಿಗಳ ಪೈಕಿ ಅವನೇ ನಂಬಿಕಸ್ಥ ಎಂದು ಕಂಪ್ಯೂಟರು ಕಲಿತುಕೊಂಡಿತು.

ನಿಜವಾದ ಕೆಲಸ ಶುರುವಾಗುವ ದಿನ ಆ ಹೆಸರನ್ನು ಅಳಿಸಬೇಕಿತ್ತು. ಅಳಿಸಿದೆ ಎಂದು ಪಟ್ಟಿಯಲ್ಲಿ ಗುರುತು ಹಾಕಿದಳು. ಅಳಿಸಿರಲಿಲ್ಲ. ಮರೆತೆ ಎಂದು ಹೇಳಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ.

ಗಂಡ ಹೋಗಿ ಹದಿನೆಂಟು ತಿಂಗಳಾಗಿತ್ತು. ಲಿಫ್ಟ್ ರಿಪೇರಿಯವನು, ಆಫೀಸಿನ ಕಟ್ಟಡದ ಲಿಫ್ಟನ್ನೂ ಅವನೇ ನೋಡಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕುಸಿದ, ಏಳಲಿಲ್ಲ. ಅವಳೂ ಅತ್ತೆಯೂ ಸೇರಿ ಅವನನ್ನು ಹೊರಗೆ ಎಳೆದು ತಂದಿದ್ದರು. ಆ ವಿಷಯದಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ.

ಒಂದು ಸೋಮವಾರ ಪಾತ್ರೆ ಕಳಿಸುವ ವ್ಯಾಪಾರಿಯೊಬ್ಬರು ಫೋನು ಮಾಡಿದರು. ಅವರ ನಲವತ್ತು ಪೆಟ್ಟಿಗೆಗಳಲ್ಲಿ ಮೂವತ್ತೊಂಬತ್ತು ಮಾತ್ರ ಅಂಗಡಿಗೆ ತಲುಪಿದ್ದವು. ಅವಳು ಹುಡುಕಿದಳು. ನಲವತ್ತನೆಯದೂ ತಲುಪಿತ್ತು, ಬಂದರಿನ ಹಿಂದಿನ ಬೀದಿ, ಹದಿನಾಲ್ಕನೇ ನಂಬರಿಗೆ. ಒಳಗಿದ್ದದ್ದು ಒಂದು ಚಹಾ ಕೆಟಲು. ಪಡೆದವರ ಸಹಿ ಇತ್ತು.

ಸಹಿಯನ್ನು ದೊಡ್ಡದು ಮಾಡಿ ನೋಡಿದಳು. ಆಮೇಲೆ ಅದನ್ನು ಮುದ್ರಿಸಿಕೊಂಡು ಹೊರಗೆ ಬಂದು ಲಿಫ್ಟಿನೊಳಗೆ ನಿಂತಳು. ಗೋಡೆಗೆ ಅಂಟಿಸಿದ ಸರ್ವಿಸ್ ಕಾರ್ಡು ಇನ್ನೂ ಹಾಗೇ ಇತ್ತು. ಕೊನೆಯ ಸಾಲಿನಲ್ಲಿ ಅವನ ಸಹಿ, ಕೊನೆಯ ಅಕ್ಷರದ ಬಾಲವನ್ನು ಹೆಸರಿನ ಕೆಳಗೆ ಹಿಂದಕ್ಕೆಳೆದು, ಸ್ಕ್ರೂ ಬಿಗಿದ ಹಾಗೆ ಎರಡು ಚಿಕ್ಕ ಗೀಟು. ಕೈಯಲ್ಲಿದ್ದ ಕಾಗದದಲ್ಲೂ ಎರಡು ಗೀಟು. ಯಾರೋ ಮೇಲಿನಿಂದ ಗುಂಡಿ ಒತ್ತಿದರು, ಲಿಫ್ಟು ಅವಳನ್ನು ಎತ್ತಿಕೊಂಡು ಹೋಯಿತು. ಐದನೇ ಮಹಡಿಯವರು ಒಳಗೆ ಬಂದು, "ಕೆಳಗಾ, ಮೇಲಾ?" ಎಂದರು.

ಕುರ್ಚಿಗೆ ವಾಪಸಾಗಿ ಆ ಹೆಸರಿಗೆ ಇದುವರೆಗೆ ಹೋದ ನಿಜವಾದ ಸರಕಿನ ಕಡತಗಳನ್ನೆಲ್ಲ ತೆಗೆದಳು. ಮೂರು ತಿಂಗಳಲ್ಲಿ ಏಳು ಪೆಟ್ಟಿಗೆ. ಮೊದಲನೆಯದರ ಕಾಗದದ ಮೇಲೆ ಚಹಾ ಚೆಲ್ಲಿ, ಪಡೆಯುವವರ ಹೆಸರು ಅಳಿಸಿತ್ತು. ಖಾನೆ ಖಾಲಿ ಬಿಡಬಾರದೆಂದು ಕಲಿತಿದ್ದ ಕಂಪ್ಯೂಟರು ತನ್ನ ನಂಬಿಕಸ್ಥನ ಹೆಸರು ತುಂಬಿತ್ತು. ಅದು ಅರ್ಥವಾಗುವ ಮಾತು. ಉಳಿದ ಆರರ ಕಾಗದದಲ್ಲಿ ಪಡೆಯುವವರ ಹೆಸರುಗಳು ಕನ್ನಡಿಯಷ್ಟು ಸ್ಪಷ್ಟವಾಗಿದ್ದವು, ಆದರೂ ಅದು ಅವನ ಹೆಸರನ್ನೇ ತುಂಬಿತ್ತು.

ಒಂದು ಉಣ್ಣೆಯ ಕಂಬಳಿ. ಮಡಿಸುವ ಮೇಜು. ಮೇಜಿನ ದೀಪ. ಎರಡು ಕುರ್ಚಿ. ಗಡ್ಡ ಕೆರೆಯುವ ಸೆಟ್ಟು. ಎರಡು ಬಟ್ಟಲು. ಈಗ ಕೆಟಲು.

ಯಾವ ವ್ಯಾಪಾರಿಯೂ ಹೀಗೆ ಕೊಳ್ಳುವುದಿಲ್ಲ. ಇದು ಸಂಸಾರ ಹೂಡುವವರ ಪಟ್ಟಿ.

ಬುಧವಾರ ಯಜಮಾನರು ಅವಳನ್ನೂ ಮಾಮನನ್ನೂ ಒಳಗೆ ಕರೆದರು. ಆ ದೇಶದ ಸುಂಕದವರು ಕೇಳಿದ್ದರು: ಏಳು ಜನರ ಸರಕಿನಿಂದ ಒಂದೊಂದು ಪೆಟ್ಟಿಗೆ ಪಡೆಯುತ್ತಿರುವ ಈ ಮನುಷ್ಯ ಯಾರು? ಶುಕ್ರವಾರದೊಳಗೆ ಉತ್ತರ ಬೇಕು. ಇಲ್ಲವಾದರೆ ಆಫೀಸಿನ ಪರವಾನಗಿ ರದ್ದು.

"ಏಳು ಗೇಟ್ ಪಾಸಿನ ಮೇಲೂ ನಿಮ್ಮದೇ ಸಹಿ ಇದೆಯಲ್ಲ," ಎಂದರು ಯಜಮಾನರು ಮಾಮನಿಗೆ.

"ಗೇಟ್ ಪಾಸಿಗೆ ಇಪ್ಪತ್ತಾರು ವರ್ಷದಿಂದ ನಾನೇ ಸಹಿ ಹಾಕೋದು ಸರ್. ಇನ್ಯಾರು ಹಾಕ್ತಾರೆ, ಗೇಟು ಹಾಕುತ್ತಾ?"

"ಅಲ್ಲಿ ನಿಮ್ಮೋರು ಯಾರಾದ್ರೂ ಇದ್ದಾರಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನನಗೆ ಅದಕ್ಕೂ ಪುರುಸೊತ್ತಿರಲಿಲ್ಲ ಸರ್, ಹೆಗಲ ಮೇಲೆ ಪೆಟ್ಟಿಗೆ ಇತ್ತು." ಮಾಮ ನಗಿಸಲು ನೋಡಿದರು. ಯಜಮಾನರು ನಗಲಿಲ್ಲ.

"ನಾಳೆಯಿಂದ ಗೋಡೌನ್ ಬೀಗದ ಕೈ ನನ್ನ ಹತ್ತಿರ ಇರಲಿ. ಶುಕ್ರವಾರ ನಿಮ್ಮ ಹೆಸರೇ ಬರೆದು ಕಳಿಸಬೇಕಾಗುತ್ತೆ, ಬೇರೆ ದಾರಿ ಇಲ್ಲ." ಆಮೇಲೆ ಅವಳತ್ತ ತಿರುಗಿದರು. "ಈ ಹೆಸರಿನವನು ಯಾರು, ನಿಮಗೇನಾದ್ರೂ ಗೊತ್ತಾ?"

ಅವಳ ಗಂಡನನ್ನು ಆ ಕಟ್ಟಡದಲ್ಲಿ ಎಲ್ಲರೂ ಲಿಫ್ಟಿನವರು ಎಂದೇ ಕರೆಯುತ್ತಿದ್ದದ್ದು. ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ.

"ನೋಡಿ ಹೇಳ್ತೀನಿ ಸರ್," ಎಂದಳು.

ಮನೆಯಲ್ಲಿ ಅತ್ತೆ ಪಾತ್ರೆ ಒರೆಸಿ ಬೋರಲು ಹಾಕುತ್ತಿದ್ದರು. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು, ಮೊದಲಿಂದ ಕೊನೆಯತನಕ, ಬೇರೆ ಯಾರದೋ ಆಫೀಸಿನ ಸುದ್ದಿ ಹೇಳಿದ ಹಾಗೆ. ಮುಗಿದ ಮೇಲೆ ಅತ್ತೆ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು.

"ಕಂಬಳಿ ಹೋಗಿದೆ ಅಂದೆಯಲ್ಲ. ಉಣ್ಣೆಯದ್ದಾ?"

"ಉಣ್ಣೆಯದ್ದೇ."

"ಹಾಗಾದ್ರೆ ಸರಿ. ಅಲ್ಲಿ ಚಳಿ ಇರುತ್ತಂತೆ." ಇನ್ನೊಂದು ತಟ್ಟೆ ಒರೆಸಿದರು. "ಈಗ ಏನು ಮಾಡ್ತೀಯ?"

"ಹೆಸರು ತೆಗೀಬೇಕು. ಸತ್ಯ ಹೇಳಬೇಕು. ಇಲ್ಲದಿದ್ರೆ ಮಾಮನನ್ನ ಕಳ್ಳ ಅಂತ ಕಳಿಸ್ತಾರೆ, ಅತ್ತೆ."

"ತೆಗೀಬೇಡ ಕಣೇ. ಒಂದು ಸಲ ಕಳಿಸಿಕೊಟ್ಟದ್ದು ಸಾಕು."

"ಮಾಮನ ಕೆಲಸ ಹೋಗುತ್ತೆ."

"ಅವರಿಗೆ ಇನ್ನೊಂದು ಕೆಲಸ ಸಿಗುತ್ತೆ. ನನಗೆ ಇನ್ನೊಬ್ಬ ಮಗ ಸಿಗ್ತಾನಾ?"

ಅವಳು ಅತ್ತೆಯ ಕೈಯಿಂದ ಬಟ್ಟೆ ತೆಗೆದುಕೊಂಡು ಉಳಿದ ಪಾತ್ರೆ ಒರೆಸಿದಳು. ಈ ಹದಿನೆಂಟು ತಿಂಗಳಲ್ಲಿ ಆ ಮನೆಯಲ್ಲಿ ಯಾರೂ ಆ ಒಂದು ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ಹೋದ ಅನ್ನುತ್ತಿದ್ದರು, ಇಲ್ಲ ಅನ್ನುತ್ತಿದ್ದರು, ಹಾಗಾದ ಮೇಲೆ ಅನ್ನುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಕಂಪ್ಯೂಟರು ತೆರೆದಾಗ ಎಲ್ಲಕ್ಕಿಂತ ಮೇಲೆ ಒಂದು ಹೊಸ ಕಡತ ಅವಳ ಒಪ್ಪಿಗೆಗೆ ಕಾಯುತ್ತಿತ್ತು.

ಮನೆ ಬದಲಿಸಿ ಬೇರೆ ದೇಶಕ್ಕೆ ಹೋಗುವವರ ಸಾಮಾನಿಗೆ ಪ್ರತ್ಯೇಕ ನಮೂನೆಯೊಂದಿದೆ. ಆ ಆಫೀಸಿಗೆ ಅದು ಎಂದೂ ಬೇಕಾಗಿರಲಿಲ್ಲ. ಅವಳು ಅದನ್ನು ಕಲಿಸಿಯೂ ಇರಲಿಲ್ಲ. ಈಗ ಅದು ಪರದೆಯ ಮೇಲಿತ್ತು, ನೀಟಾಗಿ ತುಂಬಿಕೊಂಡು. ಹಿಂದೆ ಯಾವ ಇನ್‌ವಾಯ್ಸೂ ಇರಲಿಲ್ಲ, ಯಾವ ಕಾಗದವೂ ಇರಲಿಲ್ಲ.

ಪಡೆಯುವವರು: ಅವನು. ಸಾಮಾನಿನ ವಿವರ: ಓದುವ ಕನ್ನಡಕ, ಒಂದು. ಹತ್ತಿಯ ರಜಾಯಿ, ಬಳಸಿದ್ದು, ಒಂದು. ಹೆಂಗಸರ ಚಪ್ಪಲಿ, ಬಳಸಿದ್ದು, ಒಂದು ಜೊತೆ, ಎಡಗಾಲಿನ ಬಾರು ಬಿಳಿ ದಾರದಲ್ಲಿ ಹೊಲಿದದ್ದು.

ಅವಳು ಮೇಜಿನ ಕೆಳಗೆ ಬಗ್ಗಿ ತನ್ನ ಎಡಗಾಲು ನೋಡಿಕೊಂಡಳು. ಕಪ್ಪು ದಾರ ಮುಗಿದಿತ್ತೆಂದು ಬಿಳಿಯದರಲ್ಲಿ ಹೊಲಿದು ನಾಲ್ಕು ದಿನವಾಗಿರಲಿಲ್ಲ.

ಜೊತೆಗೆ ಬರುವವರು: ಹೆಂಡತಿ. ಅವಳ ಹೆಸರು, ಅವಳ ಜನ್ಮದಿನಾಂಕ. ತಲುಪುವ ದಿನ ಎಂಬಲ್ಲಿ ಮಾತ್ರ ಏನೂ ಇರಲಿಲ್ಲ. ಒಂದು ಗೀಟು ಮಿನುಗುತ್ತಿತ್ತು.

ಅವಳಿಗೆ ತಾರೀಖು ಹಾಕಿದರೆ ಏನಾಗಬಹುದು ಎಂದು ಹೆದರಿಕೆಯೇನೂ ಆಗಲಿಲ್ಲ. ಹಸಿವಾಯಿತು. ಹಸಿವು ಎಂಬುದು ಎಷ್ಟೋ ಕಾಲದ ಮೇಲೆ, ದೂರದ ನೆಂಟರ ಹಾಗೆ, ಹೇಳದೆ ಕೇಳದೆ ಬಂತು. ಎರಡು ಕುರ್ಚಿ, ಎರಡು ಬಟ್ಟಲು, ಕೆಟಲು. ಹೋದರೆ ಚಹಾ ಆಗಿರುತ್ತದೆ. ಅವಳ ಬೆರಳು ಒಂದು ಅಂಕಿ ಒತ್ತಿತು. ಅಂಕಿ ಖಾನೆಯಲ್ಲಿ ಕೂತಿತು. ಗೀಟು ಮುಂದಿನದಕ್ಕೆ ಸರಿದು ಕಾಯಿತು.

ಆಗ ಬಾಗಿಲಲ್ಲಿ ಮಾಮ ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಟವೆಲ್ಲು, ಲೋಟ, ಒಂದು ಕ್ಯಾಲೆಂಡರು.

"ಕಪಾಟು ಖಾಲಿ ಮಾಡಿ ಅಂದ್ರು. ಇಪ್ಪತ್ತಾರು ವರ್ಷಕ್ಕೆ ಇಷ್ಟೇ ಸಾಮಾನು ಆಗಿರೋದು ನೋಡಿ," ಎಂದರು. "ಇದಕ್ಕೂ ಗೇಟ್ ಪಾಸ್ ಬೇಕೇನೋ. ಸಹಿ ಹಾಕೋನು ನಾನೇ ಇಲ್ಲವಲ್ಲ."

ಮಾತು ಮುಗಿಸಿ ಅವರು ನಗಲು ಹೋದರು. ಆಗದೆ, ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

"ಕೂತ್ಕೊಳ್ಳಿ ಮಾಮ. ಐದು ನಿಮಿಷ."

ಪೇರಿಸಿಟ್ಟದ್ದರಿಂದ ಒಂದು ಕುರ್ಚಿ ಇಳಿಸಿ ಮಾಮ ಕೂತರು. ಅವಳು ಆ ಅಂಕಿಯನ್ನು ಅಳಿಸಿದಳು. ಗಿರಾಕಿಗಳ ಪಟ್ಟಿಯಲ್ಲಿ ಅವನ ಹೆಸರು ತೆರೆದು, ಮುಚ್ಚು ಎಂಬುದನ್ನು ಒತ್ತಿದಳು. ಕಾರಣ ಕೇಳಿತು: ವಿಳಾಸ ಬದಲು, ವ್ಯಾಪಾರ ನಿಂತಿದೆ, ಮರಣ. ಮೂರನೆಯದನ್ನು ಆರಿಸಿದಳು. ತಾರೀಖನ್ನೂ ಪ್ರಮಾಣಪತ್ರದ ಸಂಖ್ಯೆಯನ್ನೂ ಕೇಳಿತು. ಬ್ಯಾಂಕಿಗೆ, ವಿದ್ಯುತ್ ಕಚೇರಿಗೆ, ಮನೆಯ ಕರಾರಿಗೆ ಬರೆದು ಬರೆದು ಎರಡೂ ಬಾಯಿಪಾಠವಾಗಿದ್ದವು. ಬರೆದಳು. ಖಚಿತವೇ ಎಂದು ಕೇಳಿತು. ಇನ್ನೊಮ್ಮೆ ಕೇಳಿತು. ಎರಡು ಸಲ ಕೇಳುವಂತೆ ತಾನು ಕಲಿಸಿದ್ದಳೋ ಇಲ್ಲವೋ ಅವಳಿಗೆ ನೆನಪಾಗಲಿಲ್ಲ.

ಖಚಿತ ಎಂದಳು. ಅವನ ಹೆಸರಿದ್ದ ಸಾಲು ಪಟ್ಟಿಯಿಂದ ಹೋಯಿತು. ಹೊಸ ಕಡತವೂ ಹೋಯಿತು.

ಆಮೇಲೆ ಯಜಮಾನರ ಕೋಣೆಗೆ ಹೋಗಿ, ಆ ಹೆಸರು ತನ್ನ ಗಂಡನದು, ಹಾಕಿದವಳು ತಾನು, ಅಳಿಸದೆ ಬಿಟ್ಟವಳೂ ತಾನೇ, ಮಾಮನಿಗೆ ಇದರ ಗಂಧಗಾಳಿಯೂ ಇಲ್ಲ ಎಂದು ಬರೆದುಕೊಟ್ಟಳು. ಯಜಮಾನರು ಓದಿ ಕನ್ನಡಕ ತೆಗೆದರು.

"ಮೊನ್ನೆ ಕೇಳಿದಾಗಲೇ ಹೇಳಬಹುದಿತ್ತು."

"ಹೌದು ಸರ್."

ಅವರು ಬೀಗದ ಕೈ ಗೊಂಚಲನ್ನು ಮೇಜಿನ ಮೇಲಿಂದ ಅವಳತ್ತ ಸರಿಸಿದರು. "ಅವರಿಗೆ ಕೊಟ್ಟುಬಿಡಿ. ಹೋದ ಸಾಮಾನು ವಾಪಸ್ ತರಿಸೋ ಕೆಲಸ ನಿಮ್ಮದು. ಅದಕ್ಕೆ ಕಾಗದ ಕೈಯಲ್ಲೇ ಬರೀರಿ, ಆ ಕಂಪ್ಯೂಟರಿಗೆ ಹೇಳಬೇಡಿ."

ಮಂಗಳವಾರ ಆ ಕಡೆಯ ಸಾಗಣೆಯವರಿಂದ ವರದಿ ಬಂತು. ಹದಿನಾಲ್ಕನೇ ನಂಬರಿನಲ್ಲಿ ಮನೆ ಇಲ್ಲ, ಎಂದಿಗೂ ಇರಲಿಲ್ಲವಂತೆ. ಎರಡು ಉಗ್ರಾಣಗಳ ನಡುವೆ ಒಂದು ಬಯಲು. ಏಳು ಪೆಟ್ಟಿಗೆಯ ಸಾಮಾನೂ ಅಲ್ಲೇ ಇತ್ತು, ಬಿಚ್ಚಿ, ಒಂದು ಕೋಣೆಯಲ್ಲಿ ಜೋಡಿಸಿದ ಹಾಗೆ. ಮೂರು ತಿಂಗಳ ಮಳೆಗಾಳಿಯಲ್ಲಿ ಒಂದೂ ನೆನೆದಿರಲಿಲ್ಲ. ಹೋದಾಗ ಅಲ್ಲಿ ಯಾರೂ ಇರಲಿಲ್ಲ, ಆದರೆ ಯಾರೋ ಆಗಷ್ಟೇ ಎದ್ದು ಹೋದ ಹಾಗಿತ್ತು ಎಂದು ವರದಿ ಮಾಡಿದವನು ಬರೆದು, ಆ ಸಾಲನ್ನು ಹೊಡೆದು ಹಾಕಿದ್ದ. ಹೊಡೆದರೂ ಓದಲು ಬರುತ್ತಿತ್ತು. ಜೊತೆಗೊಂದು ಫೋಟೋ.

ಫೋಟೋ ಮುದ್ರಿಸಿ ಮನೆಗೆ ತಂದಳು. ಸಂಜೆ ಕಿಟಕಿಯ ಬೆಳಕಿಗೆ ಹಿಡಿದು ಅತ್ತೆ ಎಷ್ಟೋ ಹೊತ್ತು ನೋಡಿದರು.

"ಅವನೇ ಜೋಡಿಸಿರೋದು," ಎಂದರು. "ಮೇಜಿನ ಕಾಲಿಗೆ ಕಾಗದ ಮಡಿಸಿ ಇಟ್ಟಿದಾನೆ ನೋಡು, ಅಲ್ಲಾಡಬಾರದು ಅಂತ."

"ಈಗ ಅಲ್ಲಿಲ್ಲ, ಅತ್ತೆ."

"ಏನಂತ ಬರೆದೆ?"

"ಸತ್ತಿದ್ದಾನೆ ಅಂತ."

ಆ ಮಾತು ಆ ಮನೆಯಲ್ಲಿ ಮೊದಲ ಸಲ ಬಿತ್ತು. ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ತಾರೀಖು ಸರಿಯಾಗಿ ಬರೆದೆಯಾ ಎಂದು ಕೇಳಿದರು. ಬರೆದೆ ಎಂದಳು. ತಲೆಯಾಡಿಸಿದರು.

ಅವಳು ವಾಪಸಾತಿಯ ಕಾಗದ ಹರಡಿಕೊಂಡು ಕೂತಳು. ಪ್ರತಿಯೊಂದು ಸಾಮಾನಿನ ಮುಂದೆಯೂ ಅದು ಇರುವ ಸ್ಥಿತಿ ಬರೆಯಬೇಕು, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ. ಕಂಬಳಿ, ಒಂದು, ಬಳಸಿದ್ದು. ಕುರ್ಚಿ, ಎರಡು, ಒಂದು ಬಳಸಿದ್ದು. ಕೆಟಲು, ಬಳಸಿದ್ದು. ಬಟ್ಟಲು, ಎರಡು.

ಅತ್ತೆ ಫೋಟೋವನ್ನು ಇನ್ನೂ ಕಣ್ಣಿನ ಹತ್ತಿರ ತಂದರು.

"ಒಂದು ಕುಡಿದಿಟ್ಟಿದಾನೆ," ಎಂದರು. "ಇನ್ನೊಂದು ತುಂಬಿದೆ. ಹಬೆ ಏಳ್ತಾ ಇದೆ ನೋಡೇ ಇಲ್ಲಿ."

ಅವಳು ತಲೆಯೆತ್ತಲಿಲ್ಲ. ನೋಡಿದರೆ ಬರೆಯಬೇಕಾಗುತ್ತಿತ್ತು.