ಎರಡನೇ ಠರಾವು

ವಕೀಲರು ಬೀಗ ತೆಗೆಯುವವರೆಗೂ ಉಳಿದವರು ಮೆಟ್ಟಿಲ ಮೇಲೆ ಕಾಯಬೇಕು. ಕೀಲಿಕೈ ಎಲ್ಲಿದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಮೊದಲು ಕೋಟಿನ ಬಲಜೇಬು, ಆಮೇಲೆ ಎಡಜೇಬು, ಆಮೇಲೆ ಅಂಗಿಯ ಜೇಬು ತಡಕಿ, ತಾವು ಎಂಥ ಹೊಣೆ ಹೊತ್ತವರೆಂದು ಹಿಂದೆ ನಿಂತವರಿಗೆ ಮನವರಿಕೆ ಮಾಡಿಕೊಟ್ಟ ಮೇಲೆಯೇ ಅದು ಹೊರಗೆ ಬರುವುದು. ಇವತ್ತು ಹಿಂದೆ ನಿಂತವರು ಮೂವರು: ವಕೀಲರ ತಂಗಿ, ಊರಿನ ಕವಿಗಳು, ಮತ್ತು ಬಿಸ್ಕತ್ತಿನ ತಟ್ಟೆ ಹಿಡಿದ ಗ್ರಂಥಪಾಲಕ.

ಬಾಗಿಲು ತೆರೆದದ್ದೇ ತಡ, ಬೆಳಕು ಮುಖಕ್ಕೆ ಬಂತು. ಆ ಸಾರ್ವಜನಿಕ ಗ್ರಂಥಾಲಯದಲ್ಲಿ ಕಿಟಕಿ ಎನ್ನಿಸಿಕೊಳ್ಳುವಂಥ ಕಿಟಕಿಗಳಿರುವುದು ಮಹಡಿಯ ಈ ಕೋಣೆಗೆ ಮಾತ್ರ. ಕೆಳಗಿನ ಓದುವ ಹಾಲ್‌ಗೂ ಕಿಟಕಿಗಳಿದ್ದವು; ಪಕ್ಕದ ಕಟ್ಟಡ ಎದ್ದ ಮೇಲೆ ಅವು ಇಟ್ಟಿಗೆ ಗೋಡೆಯನ್ನು ನೋಡಿಕೊಂಡು ಕೂತಿವೆ. ಈ ಕೋಣೆಯೂ ಮೊದಲು ಓದುವವರಿಗೇ ಇತ್ತು. ಗ್ರಂಥಾಲಯ ಸಲಹಾ ಮಂಡಳಿ ಹುಟ್ಟಿದ ಮೇಲೆ ಅದು ಕೊಟ್ಟ ಮೊಟ್ಟಮೊದಲ ಸಲಹೆಯೆಂದರೆ, ಮಂಡಳಿಗೆ ಕೂರಲು ಒಂದು ಕೋಣೆ ಬೇಕು ಎನ್ನುವುದು. ಅಷ್ಟು ಚುರುಕಾಗಿ ಜಾರಿಗೆ ಬಂದ ಸಲಹೆ ಮತ್ತೊಂದಿಲ್ಲ. ಅಂದಿನಿಂದ ತಿಂಗಳಿಗೊಂದು ಮಧ್ಯಾಹ್ನ ಈ ಬಾಗಿಲು ತೆರೆಯುತ್ತದೆ. ಉಳಿದ ದಿನ ಮೆತ್ತೆ ಹಾಕಿದ ಕುರ್ಚಿಗಳು ಬಿಸಿಲು ಕಾಯಿಸಿಕೊಳ್ಳುತ್ತವೆ, ಓದುವವರು ಕೆಳಗೆ ಮಿಣುಕುವ ಟ್ಯೂಬ್‌ಲೈಟಿನಡಿ ಕಣ್ಣು ಕಿರಿದು ಮಾಡಿಕೊಂಡು ಪತ್ರಿಕೆ ಹಿಡಿದಿರುತ್ತಾರೆ.

ತಂಗಿ ಕಿಟಕಿಯ ಪಕ್ಕದ ಕುರ್ಚಿಯನ್ನೇ ಹಿಡಿದಳು. ಸಭೆಗೆ ಅವಳು ಬರುತ್ತಿದ್ದದ್ದೇ ಆ ಕುರ್ಚಿಗಾಗಿ. ಗಂಡ ತೀರಿಕೊಂಡ ಮೇಲೆ ಅಣ್ಣ ಅತ್ತಿಗೆಯರ ಮನೆಯಲ್ಲಿದ್ದಾಳೆ, ಅಡುಗೆಯೆಲ್ಲ ಅವಳದೇ. ಮಂಡಳಿಯಲ್ಲಿ ಓದುಗರ ಪರವಾಗಿ ಒಬ್ಬ ಹೆಂಗಸು ಇರಲೇಬೇಕೆಂಬ ನಿಯಮ ಬಂದಾಗ, ಯಾರೋ ಹೊರಗಿನವಳು ಬಂದು ಬಾಯಿ ಮಾಡುವುದು ಬೇಡವೆಂದು ವಕೀಲರು ತಂಗಿಯ ಹೆಸರು ಬರೆದರು. ಅವಳಿಗೆ ನಿಜವಾಗಿಯೂ ಓದುವ ಹುಚ್ಚಿದೆ ಎನ್ನುವುದು ಅವರ ಲೆಕ್ಕದಲ್ಲಿ ಇರಲೇ ಇಲ್ಲ.

ಈಗ ಆ ಓದಿಗೇ ಕುತ್ತು ಬಂದಿತ್ತು. ಕಣ್ಣಿನ ಡಾಕ್ಟರು ನಯನಾಜೂಕಿಲ್ಲದೆ ಹೇಳಿದ್ದರು: "ಹಗಲು ಬೆಳಕಲ್ಲಿ ಓದ್ಕೊಳ್ಳಿ ಅಮ್ಮಾ. ಇನ್ನೊಂದೆರಡು ವರ್ಷಕ್ಕೆ ಮೋಸವಿಲ್ಲ. ಆಮೇಲಿಂದು ನಾನು ಹೇಳಲಾರೆ." ಮನೆಯಲ್ಲಿ ಬೆಳಕು ಬರುವ ಕೋಣೆ ಅಣ್ಣನ ಆಫೀಸು, ಅಲ್ಲಿ ಕಕ್ಷಿದಾರರು ಕೂತಿರುತ್ತಾರೆ. ಅವಳ ಕೋಣೆ ಅಡುಗೆಮನೆಯ ಹಿಂದೆ, ಹಗಲಲ್ಲೂ ದೀಪ ಬೇಕು. ಒಮ್ಮೆ ಅವಳು ಹಾಲ್‌ನಲ್ಲಿ ಪುಸ್ತಕಕ್ಕೆ ಮುಖ ಹಚ್ಚಿ ಕೂತಿದ್ದನ್ನು ಕಂಡ ವಕೀಲರು, ನಾಲ್ಕು ಜನರಿಗೆ ಕೇಳುವಂತೆ, "ಏನೇ, ಮೂಗಲ್ಲಿ ಓದ್ತಿದೀಯಾ?" ಎಂದು ನಕ್ಕಿದ್ದರು. ಆ ರಾತ್ರಿ ಅವಳು ಡಾಕ್ಟರು ಹೇಳಿದ್ದನ್ನು ತಿಳಿಸಿ, ಮಹಡಿಯ ಕೋಣೆಯನ್ನು ಓದುವವರಿಗೆ ಬಿಡಿಸಿಕೊಡು ಎಂದು ಕೇಳಿದಳು. "ಮಂಡಳಿ ಮುಂದೆ ಇಡ್ತೀನಿ" ಎಂದರು ಅಣ್ಣ. ಆಮೇಲೆ ಕೇಳಿದಾಗಲೆಲ್ಲ "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು, ಊಟ ಮುಗಿಸಿ ಕೈ ತೊಳೆಯುತ್ತ. ಅವಳೇ ಬಡಿಸಿದ ಊಟ ಅದು.

"ಶುರು ಮಾಡೋಣ" ಎಂದರು ವಕೀಲರು. ಉದ್ದನೆಯ ಮೇಜಿನ ಸುತ್ತ ಎಂಟು ಕುರ್ಚಿ ಖಾಲಿ.

ಖಾಲಿ ಕುರ್ಚಿಯ ಬಗ್ಗೆ ಈ ಮಂಡಳಿಗೆ ತಲೆನೋವಿರಲಿಲ್ಲ. ವಕೀಲರು ಅಧ್ಯಕ್ಷರಾದ ಹೊಸದರಲ್ಲೇ ಒಂದು ಪದ್ಧತಿ ಹಾಕಿಕೊಟ್ಟಿದ್ದರು: ಬಾರದವರು ಒಪ್ಪಿದಂತೆ. ಒಪ್ಪಿದವರೆಂದ ಮೇಲೆ ಹಾಜರಿದ್ದಂತೆಯೂ ಲೆಕ್ಕ. ಇದರಿಂದ ಸಭೆ ಎಂದೂ ಮುಂದಕ್ಕೆ ಹೋಗಲಿಲ್ಲ, ಯಾರೂ ಯಾರಿಗೂ ಎದುರಾಡಲಿಲ್ಲ. ಸದಸ್ಯರಿಗೂ ಹಿತವಾಯಿತು. ಮನೆಯ ಗೇಟಿನ ಮೇಲೆ 'ಸದಸ್ಯರು, ಗ್ರಂಥಾಲಯ ಸಲಹಾ ಮಂಡಳಿ' ಎಂದು ಬರೆಸಿ, ಮಧ್ಯಾಹ್ನ ಮಲಗಿಕೊಂಡೇ ಗ್ರಂಥಾಲಯದ ಸೇವೆ ಮಾಡಬಹುದಿತ್ತು. ಕವಿಗಳು ಮಾತ್ರ ತಪ್ಪದೆ ಬರುತ್ತಿದ್ದರು. ಬಿಸ್ಕತ್ತು ಫೋನಿನಲ್ಲಿ ಸಿಗುವುದಿಲ್ಲವಲ್ಲ.

ಹೀಗಿರುವಾಗ ಗ್ರಂಥಾಲಯ ಇಲಾಖೆಯಿಂದ ಪತ್ರ ಬಂದಿತ್ತು. ಈ ಮಂಡಳಿಗಳು ಇಲಾಖೆಗೂ ಬೇಡದ ಹೊರೆಯೇ. ನಿಮ್ಮ ಮಂಡಳಿಯ ಅಗತ್ಯ ಇದೆಯೋ ಇಲ್ಲವೋ, ಇದ್ದರೆ ಅದರ ರಚನೆ ಹೇಗಿರಬೇಕು, ನೀವೇ ಪರಿಶೀಲಿಸಿ ಠರಾವು ಮಾಡಿ ಕಳಿಸಿ ಎಂದು ಕೇಳಿದ್ದರು. ಕಳಿಸಲು ಇವತ್ತೇ ಕಡೆಯ ದಿನ. ಬೇರೆಯವರಾದರೆ ಬೆದರುತ್ತಿದ್ದರು. ವಕೀಲರಿಗೆ ಇದರಲ್ಲಿ ಪಟ್ಟಾಭಿಷೇಕದ ವಾಸನೆ ಬಂತು. ಹನ್ನೊಂದು ಜನರ ಬಡ ಮಂಡಳಿಯ ಜಾಗದಲ್ಲಿ ಮೂವತ್ತು ಜನರ 'ಉನ್ನತ ಸಲಹಾ ಪರಿಷತ್ತು', ಅದರ ಕೆಳಗೆ ಉಪಸಮಿತಿಗಳು, ಅವುಗಳ ಮೇಲೊಬ್ಬ ಕಾಯಂ ಅಧ್ಯಕ್ಷ. ಉಪಸಮಿತಿಗಳು ಕೂರಲು ಕೆಳಗಿನ ಹಾಲ್‌ನಲ್ಲಿ ಅರ್ಧ. ಇದೆಲ್ಲವನ್ನೂ ಅವರು, ಹಳೆಯದನ್ನು ಮುಚ್ಚಲು ಒಂದು, ಹೊಸದನ್ನು ಕಟ್ಟಲು ಒಂದು, ಹೀಗೆ ಎರಡು ಠರಾವುಗಳಲ್ಲಿ ತಾವೇ ಕೂತು ಬರೆದು ತಂದಿದ್ದರು.

ವಕೀಲರು ಇದನ್ನೆಲ್ಲ ಸಭೆಗೆ ವಿವರಿಸುತ್ತ, ಕೆಳಗಿನ ಹಾಲ್‌ನಲ್ಲಿ ಅರ್ಧ ಎಂದಾಗ ತಂಗಿ ತಲೆಯೆತ್ತಿದಳು. "ಓದೋರು ಎಲ್ಲಿ ಕೂರ್ಬೇಕು ಅಣ್ಣ?"

"ಅದಕ್ಕೊಂದು ಉಪಸಮಿತಿ ಇದೆ" ಎಂದರು ವಕೀಲರು. "ಒಂದನೇ ಠರಾವು. ಬರ್ಕೊಳ್ಳಯ್ಯ."

ಗ್ರಂಥಪಾಲಕ ನಡಾವಳಿ ಪುಸ್ತಕ ಬಿಚ್ಚಿದ. ವಕೀಲರು ಎದ್ದು ನಿಂತರು. ಕೋರ್ಟಿನಲ್ಲಿ ನಿಂತ ಹಾಗೆ ಒಂದು ಕೈ ಕೋಟಿನ ಪಟ್ಟಿಯ ಮೇಲೆ. "ಭವಿಷ್ಯವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಪ್ರಸ್ತುತ ಸಲಹಾ ಮಂಡಳಿಯು ತನ್ನ ಐತಿಹಾಸಿಕ ಕರ್ತವ್ಯವನ್ನು ಪೂರೈಸಿದೆ ಎಂದು ಮನಗಂಡು, ಈ ಕ್ಷಣದಿಂದಲೇ ತನ್ನನ್ನು ತಾನು ವಿಸರ್ಜಿಸಿಕೊಂಡಿದೆ." 'ಈ ಕ್ಷಣದಿಂದಲೇ' ಎಂಬುದು ಬರೆದು ತಂದದ್ದರಲ್ಲಿ ಇರಲಿಲ್ಲ. ನಿಂತು ಹೇಳುವಾಗ ತಾನಾಗಿ ಬಂತು. ಬಂದದ್ದು ಅವರ ಕಿವಿಗೇ ಇಂಪಾಗಿ ಕೇಳಿಸಿತು.

"ಆಹಾ" ಎಂದರು ಕವಿಗಳು. "ಎಂಥ ತ್ಯಾಗ!"

"ಒಪ್ಪಿಗೆಯಾ?"

"ಒಪ್ಪಿಗೆ" ಎಂದರು ಕವಿಗಳು. ತಂಗಿ ಒಂದು ಗಳಿಗೆ ಅಣ್ಣನ ಮುಖವನ್ನೇ ನೋಡಿದಳು. ಆಮೇಲೆ "ಒಪ್ಪಿಗೆ" ಎಂದಳು.

ಪ್ರತಿ ಠರಾವಿಗೂ ಅಲ್ಲಲ್ಲೇ ಸಹಿ, ಅಲ್ಲಲ್ಲೇ ಮೊಹರು. ಇದೂ ವಕೀಲರದೇ ಕಾಯಿದೆ. ಹಿಂದೊಮ್ಮೆ ಕವಿಗಳು ಬಿಸ್ಕತ್ತು ಮುಗಿದ ಮೇಲೆ ತಾವು ಹಾಗೆ ಒಪ್ಪಿಯೇ ಇಲ್ಲವೆಂದು ತಕರಾರು ತೆಗೆದಿದ್ದರು, ಅದಕ್ಕಾಗಿ. ವಕೀಲರು ಸಹಿ ಎಳೆದರು. ಗ್ರಂಥಪಾಲಕ ಮೊಹರು ಒತ್ತಿದ.

"ಎರಡನೇ ಠರಾವು" ಎಂದು ವಕೀಲರು ಗಂಟಲು ಸರಿಮಾಡಿಕೊಂಡರು. "ಈ ಮಂಡಳಿಯು..."

"ಒಂದು ಸಂಶಯ" ಎಂದರು ಕವಿಗಳು. ಬಾಯಿಯಲ್ಲಿದ್ದುದನ್ನು ನುಂಗಿಕೊಂಡರು. "ಮಂಡಳಿ ಹೋಯ್ತಲ್ಲ. ಹಾಗಾದ್ರೆ ಈಗ ನಾವ್ಯಾರು?"

ಅವರು ಇದನ್ನು ತತ್ತ್ವಜ್ಞಾನದಂತೆ ಕೇಳಿದ್ದರು. ಒಂದು ಕವನಕ್ಕಾದೀತು ಎಂಬ ಆಸೆಯೂ ಇತ್ತು. ವಕೀಲರು ನಗಲು ಬಾಯಿ ತೆರೆದರು. ನಗು ಅರ್ಧಕ್ಕೇ ನಿಂತಿತು. ತೆರೆದ ಬಾಯಿ ಹಾಗೇ ಉಳಿಯಿತು.

ಆ ಕೋಣೆಯಲ್ಲಿ ಇದರ ಅರ್ಥ ಅವರಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಪ್ರಾಯದಲ್ಲಿ ಅವರಿಗೆ ಹೆಸರು ತಂದ ಮೊಕದ್ದಮೆಯೇ ಇಂಥದ್ದು. ಯಾವುದೋ ಸಂಘದ ಆಡಳಿತ ಸಮಿತಿ ಮೊದಲು ರಾಜೀನಾಮೆ ಕೊಟ್ಟು, ಆಮೇಲೆ ಅದೇ ಸಭೆಯಲ್ಲಿ ತನ್ನವರನ್ನು ನೇಮಿಸಿಕೊಂಡಿತ್ತು. ಇವರು ಕೋರ್ಟಿನಲ್ಲಿ ಆ ನೇಮಕವನ್ನು ನುಚ್ಚುನೂರು ಮಾಡಿ, ಇಡೀ ಸಮಿತಿಯನ್ನು ಮನೆಗೆ ಅಟ್ಟಿದ್ದರು. ಊಟಕ್ಕೆ ಯಾರು ಬಂದರೂ ಆ ಕಥೆ ಇದ್ದದ್ದೇ. ಮೇಜು ಕುಟ್ಟಿ, "ಸತ್ತೋರು ಠರಾವು ಮಾಡೋಕಾಗಲ್ಲ ಸ್ವಾಮೀ!" ಎಂದು ಮುಗಿಸುತ್ತಿದ್ದರು. ತಂಗಿ ಬಡಿಸುತ್ತ ಎಷ್ಟು ಸಲ ಕೇಳಿದ್ದಳೋ.

"ಆ ಹಾಳೆ ಹರಿ" ಎಂದರು ವಕೀಲರು.

"ಪುಟಕ್ಕೆಲ್ಲ ನಂಬರ್ ಇದೆ ಸರ್" ಎಂದ ಗ್ರಂಥಪಾಲಕ. ಅವನು ಹೆದರಿಕೆಯ ಮನುಷ್ಯ. ಪೆನ್ನಿನ ಮುಚ್ಚಳ ಹಾಕುವುದು, ತೆಗೆಯುವುದು ಮಾಡುತ್ತಿದ್ದ. "ಇಲ್ಲಿರೋರೆಲ್ಲಾ ಹೂಂ ಅಂದ್ರೆ ಇದನ್ನ ಹೊಡೆದುಹಾಕಿ, ಎರಡನೇದನ್ನ ಮೊದಲು ಬರೆದು, ಇದನ್ನ ಆಮೇಲೆ ಬರೀತೀನಿ. ಒಬ್ರು ಬೇಡ ಅಂದ್ರೂ ನನ್ನ ಕೆಲಸಕ್ಕೇ ಕುತ್ತು ಸರ್."

"ಯಾರು ಬೇಡ ಅಂತಾರೆ! ಕವಿಗಳೇ?"

"ನಂದೇನಿದೆ, ಒಪ್ಪಿದೆ" ಎಂದರು ಕವಿಗಳು.

"ಆಯ್ತಲ್ಲ. ಇವಳದ್ದೂ ಒಪ್ಪಿಗೆ. ಬರಿ."

"ಇಲ್ಲ" ಎಂದಳು ತಂಗಿ.

ಆ ಕೋಣೆಯಲ್ಲಿ ಒಪ್ಪಿಗೆ ಕೇಳಿದಾಗ ಆ ಪದವನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಗ್ರಂಥಪಾಲಕನ ಪೆನ್ನು ನಿಂತಿತು. ಅವಳು ಅಣ್ಣನ ಕಡೆ ತಿರುಗಿ ಹೇಳಿದಳು: "ಸತ್ತೋರು ಠರಾವು ಮಾಡೋಕಾಗಲ್ಲ ಅಣ್ಣ. ನೀನೇ ಹೇಳ್ತಿದ್ದೆ."

"ನಿಂಗೇನು ಗೊತ್ತಾಗುತ್ತೆ ಇದೆಲ್ಲ? ಸುಮ್ನೆ ಹೂಂ ಅನ್ನು."

"ಹೂಂ ಅಂದಾಯ್ತು, ಒಂದನೇದಕ್ಕೆ."

ವಕೀಲರ ಮುಖ ಕೆಂಪಗಾಯಿತು. ಕವಿಗಳ ಎದುರಿಗೇ ಕೇಳಿದರು, "ಯಾರ ಮನೇಲಿದೀಯ ಅನ್ನೋದು ನೆನಪಿದೆಯಾ?"

"ನಿನ್ನ ಮನೇಲಿ" ಎಂದಳು. "ಇದು ನಿನ್ನ ಮನೆ ಅಲ್ಲ."

"ಸಂಜೆ ಅಲ್ಲಿಗೇ ಬರ್ಬೇಕು ನೀನು."

"ಬರ್ತೀನಿ. ಬರದಿದ್ರೆ ಅಡುಗೆ ಯಾರು ಮಾಡ್ತಾರೆ?"

ಕವಿಗಳು ತಟ್ಟೆಯಲ್ಲಿ ಉಳಿದ ಬಿಸ್ಕತ್ತನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ವಕೀಲರು ಫೋನು ತೆಗೆದು ಬಾರದ ಸದಸ್ಯರಿಗೆ ಒಬ್ಬರಾದ ಮೇಲೊಬ್ಬರಿಗೆ ಮಾಡಿದರು. ಅವರೆಲ್ಲ ಬಂದು ಗಲಾಟೆ ಮಾಡಿದರೆ ತಂಗಿ ಬಗ್ಗಿಯಾಳು ಎಂಬ ಲೆಕ್ಕ. ನಿವೃತ್ತ ಇಂಜಿನಿಯರು ಫೋನು ಎತ್ತಲೇ ಇಲ್ಲ. ಎಣ್ಣೆ ವ್ಯಾಪಾರಿ ನಿದ್ದೆಗಣ್ಣಲ್ಲಿ ಬೈದರು, ಆ ದನಿ ಮೇಜಿನ ಈ ತುದಿಗೂ ಕೇಳಿಸಿತು: "ಏನಿದ್ರೂ ನಂದು ಒಪ್ಪಿಗೆ ಅಂತ ಬೆಳಿಗ್ಗೇನೇ ಹೇಳಿದೀನಲ್ರೀ! ಮತ್ಯಾಕೆ ಎಬ್ಬಿಸ್ತೀರಿ?"

ಬೇರೆ ಯಾರಿಗೂ ಫೋನು ಮಾಡುವ ಉತ್ಸಾಹ ವಕೀಲರಿಗೆ ಉಳಿಯಲಿಲ್ಲ. ಜೀವಮಾನವೆಲ್ಲ ಪರರ ತಪ್ಪಿನ ಮೇಲೆ ಬಂಗಲೆ ಕಟ್ಟಿದ ಮನುಷ್ಯ, ತಾನೇ ತೋಡಿದ ಗುಂಡಿಯಲ್ಲಿ ತಾನೇ ನಿಂತು ಮೇಲೆ ನೋಡುತ್ತಿದ್ದರು. ಅಯ್ಯೋ ಎನ್ನಿಸುವಂಥ ದೃಶ್ಯವೇ. ಆದರೆ ಅಲ್ಲಿ ಯಾರಿಗೂ ಹಾಗೆ ಅನ್ನಿಸಲಿಲ್ಲ.

ಇವತ್ತೇ ಕಡೆಯ ದಿನವೆಂದು ಗ್ರಂಥಪಾಲಕ ಕೆಳಗೆ ಹೋಗಿ, ಮೊಹರು ಬಿದ್ದ ಒಂದನೇ ಠರಾವನ್ನು ಇಲಾಖೆಗೆ ಕಳಿಸಿ ಬಂದ. ಬಂದವನು ಬಾಗಿಲ ಬಳಿ ನಿಂತು, ನೆಲ ನೋಡುತ್ತ, "ಕೀಲಿಕೈ ಸರ್..." ಎಂದ. "ಕೋಣೆ ಈಗ ಲೈಬ್ರರೀದು."

ವಕೀಲರು ಬಲಜೇಬಿಗೆ ಕೈ ಹಾಕಿದರು. ಕೀಲಿಕೈ ಅಲ್ಲೇ ಇತ್ತು. ಬೇರೆ ಜೇಬು ತಡಕದೆ ಮೇಜಿನ ಮೇಲಿಟ್ಟರು.

ಕೆಳಗೆ ಪತ್ರಿಕೆ ಓದುತ್ತಿದ್ದ ಮುದುಕರಿಬ್ಬರು ಗ್ರಂಥಪಾಲಕನ ಹಿಂದೆಯೇ ಮೆಟ್ಟಿಲು ಹತ್ತಿ ಬಂದು, ಒಳಗೆ ಬರಬಹುದೋ ಬಾರದೋ ಎಂದು ಹೊಸ್ತಿಲ ಮೇಲೆ ನಿಂತಿದ್ದರು. "ಬನ್ನಿ ಬನ್ನಿ, ಬೇಕಾದಷ್ಟು ಕುರ್ಚಿ ಇದೆ" ಎಂದಳು ತಂಗಿ. ತನ್ನ ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಎಳೆದುಕೊಂಡು, ಚೀಲದಿಂದ ಪುಸ್ತಕ ತೆಗೆದು, ಹಾಳೆಯನ್ನು ಬಿಸಿಲಿಗೆ ವಾಲಿಸಿ ಹಿಡಿದಳು.

"ಏಳು, ಮನೆಗೆ ಹೋಗೋಣ" ಎಂದರು ವಕೀಲರು.

"ಇನ್ನೂ ಹೊತ್ತಿದೆ. ನೀನು ನಡಿ."

ಅವರು ಒಬ್ಬರೇ ಕೆಳಗಿಳಿದರು. ಒಬ್ಬರೇ ಮನೆಗೆ ಹೋದರೆ ಹೆಂಡತಿ, "ಅವಳೆಲ್ಲಿ?" ಎಂದು ಕೇಳುತ್ತಾಳೆ, ಆಮೇಲೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಹೊರಬಾಗಿಲವರೆಗೆ ಹೋದವರು ತಿರುಗಿ ಬಂದು ಓದುವ ಹಾಲ್‌ನ ಬೆಂಚಿನ ಮೇಲೆ ಕೂತರು. ಮಂಡಳಿಗೆ ಅಧ್ಯಕ್ಷರಾದ ಮೇಲೆ ಅವರು ಅಲ್ಲಿ ಕೂತದ್ದು ಇದೇ ಮೊದಲು. ಸುಮ್ಮನೆ ಕೂತರೆ ಜನ ನೋಡುತ್ತಾರೆಂದು ಒಂದು ಪತ್ರಿಕೆ ಬಿಡಿಸಿದರು. ತಲೆಯ ಮೇಲೆ ಟ್ಯೂಬ್‌ಲೈಟು ಮಿಣುಕುತ್ತಿತ್ತು. ಅಕ್ಷರ ಕಾಣಲಿಲ್ಲ. ಪತ್ರಿಕೆಯನ್ನು ಸ್ವಲ್ಪ ಹತ್ತಿರ ತಂದರು. ಆಗಲೂ ಕಾಣದೆ, ಕನ್ನಡಕ ಒರೆಸಿ ಹಾಕಿಕೊಂಡು, ಮೂಗು ಹಾಳೆಗೆ ತಾಗುವಷ್ಟು ಇನ್ನೂ ಹತ್ತಿರ ತಂದರು.